ಛಾವಣಿ, ಕ್ಯಾಂಪ್ ಮತ್ತು ಪರರ ಜಗಳ

ಲಿಂಗಸುಗೂರಿಗೆ ಸುತ್ತಲಿನ ಹಳ್ಳಿಗಳಲ್ಲಿ ಛಾವಣಿ ಎಂಬ ಇನ್ನೊಂದು ಹೆಸರಿದೆ. ಛಾವಣಿ ಎಂದರೆ ದಂಡು ಬೀಡುಬಿಟ್ಟ ಜಾಗ. ಮೂಲ ಊರು ಪಕ್ಕದಲ್ಲೇ ಇದೆ, ಅದು ಕಸಬಾ ಲಿಂಗಸುಗೂರು. ಇವತ್ತು ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ಅಂಗಡಿ ಬೀದಿಗಳಿರುವ ದೊಡ್ಡ ಊರು ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಒಂದು ಪಡೆಯ ಸುತ್ತ. ಅಲ್ಲಿಂದ ಹೆದ್ದಾರಿ ಹಿಡಿದು ಹೊರಟರೆ ಮಸ್ಕಿ, ಮಸ್ಕಿ ದಾಟಿದರೆ ಸಿಂಧನೂರು. ಸಿಂಧನೂರಿನ ಸುತ್ತ ಎತ್ತ ಹೋದರೂ ಕಿವಿಗೆ ಬೀಳುವ ಮಾತು ಕ್ಯಾಂಪ್. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿಕೊಂಡ ಊರುಗಳೂ ಕ್ಯಾಂಪೇ, ಪೂರ್ವ ಬಂಗಾಳ ಬಿಟ್ಟು ಬಂದವರಿಗೆ ಸರ್ಕಾರ ಹಾಕಿಕೊಟ್ಟ ಆರ್.ಎಚ್. ಕ್ಯಾಂಪುಗಳೂ ಕ್ಯಾಂಪೇ. ಒಂದೇ ರಸ್ತೆಯ ಒಂದು ತುದಿಗೆ ಸೈನಿಕರು ತಂಗಿದ ಗುರುತು, ಇನ್ನೊಂದು ತುದಿಗೆ ನಿರಾಶ್ರಿತರು ತಂಗಿದ ಗುರುತು. ಇವೆರಡರ ನಡುವೆ, ಮಸ್ಕಿಯ ಗುಡ್ಡದಲ್ಲಿ, ಯುದ್ಧದ ಬಗ್ಗೆ ಬೇಸತ್ತಿದ್ದ ಒಬ್ಬ ಚಕ್ರವರ್ತಿಯ ಹೆಸರು ಹೊತ್ತ ಬಂಡೆ.

ದೂರದ ನಾಡಿನಲ್ಲಿ ವರ್ಷಾನುಗಟ್ಟಲೆ ನಡೆದಿರುವ ಜಗಳದಲ್ಲಿ ಬಲಾಢ್ಯ ರಾಷ್ಟ್ರ ಕೈಹಾಕಬೇಕೇ ಬೇಡವೇ ಎಂಬ ಚರ್ಚೆ ಪ್ರತಿ ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತದೆ. ಅದು ಸಾಮಾನ್ಯವಾಗಿ ಕೈಹಾಕುವವರ ರಾಜಧಾನಿಯಲ್ಲಿ ಕುಳಿತು ನಡೆಯುವ ಚರ್ಚೆ. ಹೋದರೆ ನಮಗೇನು ಸಿಗುತ್ತದೆ, ಹೋಗದಿದ್ದರೆ ನಮ್ಮ ಮರ್ಯಾದೆ ಏನಾಗುತ್ತದೆ ಎಂಬ ಲೆಕ್ಕವೇ ಅಲ್ಲಿ ಮುಖ್ಯ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಆ ಚರ್ಚೆಯಲ್ಲಿ ಬೇರೆ ಜಾಗವಿದೆ. ಇಲ್ಲಿ ಯಾವ ದೊಡ್ಡ ಸಾಮ್ರಾಜ್ಯದ ರಾಜಧಾನಿಯೂ ಬಹುಕಾಲ ನಿಲ್ಲಲಿಲ್ಲ. ಆದರೆ ಬೇರೆಬೇರೆ ರಾಜಧಾನಿಗಳು ಪರರ ಜಗಳದಲ್ಲಿ ತಲೆಹಾಕಿದ್ದರ ಬಾಕಿ ವಸೂಲಾದದ್ದು ಪದೇ ಪದೇ ಇಲ್ಲೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸಿನ ಕಡೆಯಿಂದ ನೋಡಿದರೆ ಪ್ರಶ್ನೆಯ ಕ್ರಮವೇ ಬದಲಾಗುತ್ತದೆ. ಬಂದವನ ಉದ್ದೇಶ ಒಳ್ಳೆಯದೇ ಎಂದು ಕೇಳುವ ಮೊದಲು, ಅವನ ಖರ್ಚು ಯಾರ ತಲೆಯ ಮೇಲೆ, ಅವನು ಹೊರಡುವುದು ಯಾವಾಗ ಎಂದು ಕೇಳಬೇಕಾಗುತ್ತದೆ. ಈ ಎರಡಕ್ಕೂ ಬರುವ ಮುಂಚೆಯೇ ಉತ್ತರ ಇಟ್ಟುಕೊಳ್ಳದವನು ಬರಬಾರದು ಎಂಬುದು ನನ್ನ ವಾದ. ಅದಕ್ಕೆ ಈ ನೆಲ ಸಾವಿರ ವರ್ಷದ ಸಾಕ್ಷಿ ಕೊಡುತ್ತದೆ.

ಶಾಸನಗಳಲ್ಲಿ ಈ ಸೀಮೆಯ ಹೆಸರು ಎಡೆದೊರೆ, ಎರಡು ಹೊಳೆಗಳ ನಡುವಿನ ನಾಡು. ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಇದನ್ನು ತಮಿಳಿನ ಬಾಯಿಗೆ ಹೊಂದುವಂತೆ ಇಡೈತುರೈನಾಡು ಎಂದು ಸೇರಿಸಿಕೊಂಡ. ಸುಮಾರು 1021ರಲ್ಲಿ ಅವನಿಗೂ ಕಲ್ಯಾಣದ ಚಾಲುಕ್ಯ ಎರಡನೆಯ ಜಯಸಿಂಹನಿಗೂ ಮುಶಂಗಿಯಲ್ಲಿ ದೊಡ್ಡ ಕಾಳಗವಾಯಿತು. ಮುಶಂಗಿ ಎಂದರೆ ನಮ್ಮ ಮಸ್ಕಿಯೇ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಮಸ್ಕಿಯಲ್ಲೇ ಸಿಕ್ಕ ಶಾಸನಗಳಲ್ಲಿ ಊರಿನ ಹೆಸರು ಪಿರಿಯ ಮೊಸಂಗಿ. ಆದರೆ ಆ ಕಾಳಗದ ಮೂಲ ಇಲ್ಲಿಂದ ನೂರಾರು ಮೈಲಿ ಪೂರ್ವಕ್ಕೆ, ಕೃಷ್ಣಾ ಗೋದಾವರಿಗಳ ನಡುವಿನ ವೆಂಗಿಯಲ್ಲಿತ್ತು. ವೆಂಗಿಯ ರಾಜ ವಿಮಲಾದಿತ್ಯ ತೀರಿಕೊಂಡಾಗ ಇಬ್ಬರು ಮಲಸಹೋದರರು ಸಿಂಹಾಸನಕ್ಕೆ ನಿಂತರು. ಒಬ್ಬ ರಾಜರಾಜ ನರೇಂದ್ರ, ಚೋಳರ ಮಗಳ ಮಗ. ಇನ್ನೊಬ್ಬ ವಿಜಯಾದಿತ್ಯ, ಅವನಿಗೆ ಜಯಸಿಂಹನ ಬೆಂಬಲ. ಅಣ್ಣತಮ್ಮಂದಿರ ಜಗಳ ಗೋದಾವರಿಯ ಮುಖದಲ್ಲಿ, ರಕ್ತ ಹರಿದದ್ದು ಮಸ್ಕಿಯ ಹೊಲದಲ್ಲಿ.

ಈ ಜಗಳ ಆ ವರ್ಷ ಶುರುವಾದದ್ದೂ ಅಲ್ಲ, ಆ ವರ್ಷ ಮುಗಿದದ್ದೂ ಅಲ್ಲ. ಸುಮಾರು 999ರಲ್ಲಿ ರಾಜರಾಜ ಚೋಳ ತನ್ನ ಆಶ್ರಯ ಬೇಡಿ ಬಂದಿದ್ದ ಶಕ್ತಿವರ್ಮನನ್ನು ವೆಂಗಿಯ ಗದ್ದುಗೆಗೆ ಕೂರಿಸಿದಾಗಲೇ ಅದರ ಬೀಜ ಬಿದ್ದಿತ್ತು. ಚೋಳರು ಅಲ್ಲಿ ಬೇರೂರಿದರೆ ಕಲ್ಯಾಣಕ್ಕೆ ಎರಡು ಕಡೆಯಿಂದ ಕುತ್ತು ಎಂದು ಚಾಲುಕ್ಯರು ಭಾವಿಸಿದರು, ಚಾಲುಕ್ಯರು ಹಿಡಿದರೆ ತಂಜಾವೂರಿಗೆ ಬಡಗಣ ಬಾಗಿಲು ತೆರೆದಂತೆ ಎಂದು ಚೋಳರು ಭಾವಿಸಿದರು. ನಾವು ಹೋಗದಿದ್ದರೆ ಅವರು ಹೋಗುತ್ತಾರೆ ಎಂಬ ಈ ಮಾತು ಇಂದಿಗೂ ಮಧ್ಯಪ್ರವೇಶದ ಪರವಾಗಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಬ್ಬರ ಭಯವೂ ನಿಜವಾದದ್ದೇ. ಆದರೆ ಆ ಭಯಕ್ಕೆ ಮಣಿದು ಇಬ್ಬರೂ ಹೋದದ್ದರಿಂದ ಆದದ್ದೇನು? ಚೋಳರ ಪ್ರಶಸ್ತಿ ಜಯಸಿಂಹ ಮುಶಂಗಿಯಲ್ಲಿ ಬೆನ್ನು ತೋರಿಸಿದ ಎನ್ನುತ್ತದೆ. ಆದರೂ ಎಡೆದೊರೆ ಚಾಲುಕ್ಯರ ಕೈಯಲ್ಲೇ ಉಳಿಯಿತು, ಗಡಿ ಮತ್ತೆ ತುಂಗಭದ್ರೆಗೇ ಬಂದು ನಿಂತಿತು. ರಾಜರಾಜ ನರೇಂದ್ರನಿಗೆ ಪಟ್ಟವಾದ ಮೇಲೂ ವಿಜಯಾದಿತ್ಯ ಸುಮ್ಮನಾಗಲಿಲ್ಲ. ಮುಂದೆ ಚೋಳ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ಅಲ್ಲಿಯ ದ್ವಾರಪಾಲಕನ ಕಲ್ಲನ್ನು ಗೆಲುವಿನ ಗುರುತಾಗಿ ತಮಿಳುನಾಡಿಗೆ ಹೊತ್ತೊಯ್ದ. ಕೊಪ್ಪಂ ಕಾಳಗದಲ್ಲಿ ಆನೆಯ ಮೇಲೆ ಕುಳಿತಿದ್ದಾಗಲೇ ಪ್ರಾಣ ಬಿಟ್ಟ. 1118ರ ಹೊತ್ತಿಗೆ ಚಾಲುಕ್ಯ ವಿಕ್ರಮಾದಿತ್ಯ ವೆಂಗಿಯನ್ನು ತನ್ನದಾಗಿಸಿಕೊಂಡಾಗಲೂ ಕಥೆ ಮುಗಿಯಲಿಲ್ಲ. ನೂರಿಪ್ಪತ್ತು ವರ್ಷ ಎರಡು ಮಹಾಶಕ್ತಿಗಳು ಮೂರನೆಯ ಮನೆಯ ದಾಯಾದಿ ಜಗಳವನ್ನು ಜೀವಂತ ಇಟ್ಟವು. ಹೊರಗಿನ ಬೆಂಬಲ ಇಲ್ಲದಿದ್ದರೆ ಒಂದು ತಲೆಮಾರಿನಲ್ಲಿ ಒಬ್ಬ ಗೆದ್ದು ಒಬ್ಬ ಸೋತು ತೀರ್ಮಾನವಾಗುತ್ತಿದ್ದ ವಿಷಯ ಅದು. ಸೋತವನಿಗೆ ಪ್ರತಿ ಸಲ ಓಡಿಹೋಗಲು ಒಂದು ಆಸ್ಥಾನ ಇತ್ತು, ಹಿಂತಿರುಗಿ ಬರಲು ಒಂದು ಸೈನ್ಯ ಇತ್ತು. ಆದ್ದರಿಂದ ಸೋಲು ಎಂಬುದೇ ಇಲ್ಲವಾಯಿತು.

ಇದಕ್ಕಿಂತ ಹೆಚ್ಚು ನೋವಿನ, ಹೆಚ್ಚು ತಿಳಿವಳಿಕೆ ಕೊಡುವ ಉದಾಹರಣೆ ವಿಜಯನಗರದ ಅಳಿಯ ರಾಮರಾಯನದು. ರಾಯಚೂರು ಮುದಗಲ್ಲುಗಳಿಗಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಹದಿನಾಲ್ಕನೆಯ ಶತಮಾನದಿಂದಲೇ ಕಾದಾಟವಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಅವೆಲ್ಲ ನೇರ ಯುದ್ಧಗಳು, ನನಗೆ ಬೇಕಾದದ್ದು ನಾನೇ ಬಂದು ಹಿಡಿಯುತ್ತೇನೆ ಎಂಬ ಬಗೆಯವು. ರಾಮರಾಯನ ಕ್ರಮ ಬೇರೆ. ಬಹಮನಿ ರಾಜ್ಯ ಒಡೆದು ಹುಟ್ಟಿದ ವಿಜಯಪುರ, ಅಹಮದನಗರ, ಗೋಲ್ಕೊಂಡ, ಬೀದರ್‌ಗಳು ತಮ್ಮೊಳಗೆ ಬಿಡುವಿಲ್ಲದೆ ಕಾದುತ್ತಿದ್ದವು. ರಾಮರಾಯ ಆ ಆಸ್ಥಾನಗಳನ್ನು ಒಳಗಿನಿಂದ ಬಲ್ಲವನು, ಹರೆಯದಲ್ಲಿ ಗೋಲ್ಕೊಂಡದ ಚಾಕರಿಯಲ್ಲಿದ್ದವನು. 1543ರಲ್ಲಿ ಅವನು ಅಹಮದನಗರದ ಬುರ್‍ಹಾನ್ ನಿಜಾಮ್ ಶಾಹನ ಜೊತೆ ಸೇರಿ ವಿಜಯಪುರದ ಮೇಲೆ ಹೋದ. ಅದೇ ಬುರ್‍ಹಾನನ ಗೆಳೆತನದಲ್ಲಿ 1550ರ ಆಸುಪಾಸು ರಾಯಚೂರು ಮುದಗಲ್ಲುಗಳನ್ನು ಮರಳಿ ಪಡೆದ. 1558ರ ಹೊತ್ತಿಗೆ ಪಕ್ಷ ಬದಲಾಗಿ ವಿಜಯಪುರದ ಅಲಿ ಆದಿಲ್ ಶಾಹನ ಜೊತೆ ನಿಂತು ಅಹಮದನಗರವನ್ನು ತುಳಿದ. ಆ ಅಲಿ ಆದಿಲ್ ಶಾಹ ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಬಂದು ಸಮಾಧಾನ ಹೇಳಿದ್ದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದ್ದಳು ಎಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮುಂಚೆ ಏಳು ವರ್ಷ ವಿಜಯನಗರದ ಅನ್ನ ಉಂಡವನು. ಅಂದರೆ ನಾಲ್ಕು ಸುಲ್ತಾನರಲ್ಲಿ ಒಬ್ಬ ಸಾಕುಮಗ, ಒಬ್ಬ ಆಶ್ರಿತ, ಒಬ್ಬ ಹಳೆಯ ಗೆಳೆಯನ ಮಗ. ದಖ್ಖನದ ತಕ್ಕಡಿ ರಾಮರಾಯನ ಕೈಯಲ್ಲಿತ್ತು ಎಂದು ಯಾರಾದರೂ ಹೇಳುವಂಥ ಕಾಲ.

ಬೆಣ್ಣೆ ಹಂಚಲು ಕೂತ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಬೆಕ್ಕುಗಳೆರಡೂ ಒಟ್ಟಾಗಿ ಕೋತಿಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಆ ಕಥೆ ಹೇಳುವುದಿಲ್ಲ, 1565 ಹೇಳುತ್ತದೆ. ಅಲಿ ಆದಿಲ್ ಶಾಹ ಯುದ್ಧಕ್ಕೆ ಮುಂಚೆ ದೂತನನ್ನು ಕಳಿಸಿ ಕೇಳಿದ್ದು ಯಾದಗಿರಿ, ಬಾಗಲಕೋಟೆಗಳ ಜೊತೆಗೆ ರಾಯಚೂರು, ಮುದಗಲ್ಲುಗಳನ್ನು. ದೂತನಿಗೆ ಸಿಕ್ಕದ್ದು ಅವಮಾನ. ಅಷ್ಟರಲ್ಲಿ ಅಹಮದನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು, ವರ್ಷಗಟ್ಟಲೆ ಇಬ್ಬರೂ ಹೊಡೆದಾಡಿದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಟ್ಟುಬಿಟ್ಟ. ಜಗಳದ ವಸ್ತುವೇ ಮದುವೆಯ ಉಡುಗೊರೆಯಾಯಿತು. ಆ ಜನವರಿಯಲ್ಲಿ ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ಸೈನ್ಯ ಮುರಿಯಿತು, ರಾಮರಾಯನ ತಲೆ ಬಿತ್ತು. ರಕ್ಕಸಗಿ ತಂಗಡಗಿ ಎಂದೂ ತಾಳಿಕೋಟೆ ಎಂದೂ ನಾವು ಕರೆಯುವ ಆ ಕದನ ನಿಜವಾಗಿ ನಡೆದದ್ದು ಹೊಳೆಯ ತೆಂಕಣ ದಡದಲ್ಲಿ, ಮುದಗಲ್ಲಿಗೆ ಹೋಗುವ ದಾರಿಯ ಬಯಲಿನಲ್ಲಿ ಎಂದು ಇತಿಹಾಸಕಾರ ರಾಬರ್ಟ್ ಸಿವೆಲ್ ಲೆಕ್ಕ ಹಾಕಿದ. ಹಾಗಿದ್ದರೆ ಅದೂ ಇಂದಿನ ಲಿಂಗಸುಗೂರು ತಾಲ್ಲೂಕಿನ ನೆಲವೇ.

ಇದನ್ನು ಎರಡು ಧರ್ಮಗಳ ಯುದ್ಧ ಎಂದು ಹೇಳುವ ರೂಢಿ ಬಹಳ ಬಲವಾಗಿದೆ. ಅದು ನನ್ನ ವಾದಕ್ಕೆ ಎದುರು ಬರುವ ಆಕ್ಷೇಪವೂ ಹೌದು: ಸುಲ್ತಾನರು ಹೇಗಿದ್ದರೂ ಒಂದಾಗುತ್ತಿದ್ದರು, ರಾಮರಾಯ ಕೈಹಾಕಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. ಆದರೆ ಅವರು ಅದಕ್ಕೂ ಹಿಂದಿನ ಎಪ್ಪತ್ತು ವರ್ಷ ಒಂದಾಗಿ ನಿಂತದ್ದು ತೀರ ಅಪರೂಪ. 1565ರ ಗೆಲುವಿನ ಬಳಿಕವೂ ಬಹಳ ದಿನ ಒಂದಾಗಿ ಉಳಿಯಲಿಲ್ಲ, ಮತ್ತೆ ತಮ್ಮ ಹಳೆಯ ಜಗಳಗಳಿಗೇ ಹಿಂದಿರುಗಿದರು. ಅವರನ್ನು ಆ ಒಂದು ಚಳಿಗಾಲ ಕೂಡಿಸಿದ್ದು ಇಪ್ಪತ್ತು ವರ್ಷ ಒಬ್ಬೊಬ್ಬರ ಪರ ನಿಂತು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಯಿಸಿದ ನೆರೆಯವನ ಭಯ. ರಾಮರಾಯನಿಗೆ ಬುದ್ಧಿಯಾಗಲಿ ಧೈರ್ಯವಾಗಲಿ ಕಡಿಮೆಯಿರಲಿಲ್ಲ. ಮುಪ್ಪಿನ ವಯಸ್ಸಿನಲ್ಲಿ ರಣರಂಗಕ್ಕೆ ಬಂದು ಸತ್ತವನನ್ನು ಹೇಡಿ ಎನ್ನಲಾಗದು. ಅವನ ತಪ್ಪು ಪರರ ಜಗಳವನ್ನು ತನ್ನ ರಾಜ್ಯದ ಆದಾಯದ ಮೂಲ ಮಾಡಿಕೊಂಡದ್ದು. ಜಗಳ ನಿಂತರೆ ಅವನಿಗೆ ನಷ್ಟ, ಆದ್ದರಿಂದ ಅದನ್ನು ನಿಲ್ಲಿಸುವ ಯಾವ ಒಪ್ಪಂದವನ್ನೂ ಅವನು ಬೇಕೆಂದು ಬಯಸುವಂತಿರಲಿಲ್ಲ. ಮುದಗಲ್ಲಿನ ಕೋಟೆಯಲ್ಲಿ ವಿಜಯನಗರದ ಕನ್ನಡ ಶಾಸನಗಳೂ ಆದಿಲ್‌ಶಾಹಿಗಳ ಪರ್ಷಿಯನ್ ಬರಹಗಳೂ ಇವೆ. ಕಂದಕದ ನೀರು, ಜೋಡಿ ಗೋಡೆ, ತಿರುಗಿ ತಿರುಗಿ ಒಳಗೆ ಹೋಗುವ ಬಾಗಿಲು: ಒಬ್ಬ ಕಟ್ಟಿದ್ದನ್ನು ಮುಂದಿನವನು ಇನ್ನಷ್ಟು ಗಟ್ಟಿ ಮಾಡಿಸಿದ. ಅದೇ ಊರಿನ ಮೊಹರಂಗೆ ಇಂದಿಗೂ ಎರಡೂ ಮತದವರು ಸಾವಿರಗಟ್ಟಲೆ ಸೇರುತ್ತಾರೆ. ಕೋಟೆಗಾಗಿ ಸತ್ತವರು ಹೊರಗಿನವರ ಲೆಕ್ಕಕ್ಕೆ ಸತ್ತರು.

ಮೂರನೆಯದು ಲಿಂಗಸುಗೂರಿನ ಛಾವಣಿಯ ಕಥೆ. ಇದರಲ್ಲಿ ಕಾಳಗಕ್ಕಿಂತ ಲೆಕ್ಕಪುಸ್ತಕವೇ ಹೆಚ್ಚು ಮಾತಾಡುತ್ತದೆ. 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೈದರಾಬಾದಿನ ನಿಜಾಮನೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡಿತು. ಟಿಪ್ಪು, ಮರಾಠರು, ನಿಜಾಮ ಇವರ ನಡುವಿನ ದೀರ್ಘ ಜಗಳದಲ್ಲಿ ಕಂಪನಿ ನಿಜಾಮನ ರಕ್ಷಕನಾಗಿ ನಿಂತಿತು. ರಕ್ಷಣೆಗೆ ಬೆಲೆ ಇತ್ತು. 1800ರಲ್ಲಿ ಆ ಬೆಲೆಯಾಗಿ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಬಿಟ್ಟುಕೊಟ್ಟ. ತುಂಗಭದ್ರೆಯ ಆಚೆ ದಡ ಕಂಪನಿಯದಾಯಿತು, ದತ್ತ ಮಂಡಲ ಎಂಬ ಹೆಸರೂ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಯುದ್ಧಕಾಲದಲ್ಲಿ ಜೊತೆಗೆ ಕಳಿಸಬೇಕಾದ ನಿಜಾಮನ ದಳವನ್ನು ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ತಂದು ಹೈದರಾಬಾದ್ ಕಂಟಿನ್ಜೆಂಟ್ ಎಂಬ ಕಾಯಂ ಪಡೆ ಮಾಡಿದರು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು, ಟಿಪ್ಪು ಅದಕ್ಕೂ ಮುಂಚೆ ಮಡಿದಿದ್ದ. ನಿಜಾಮನನ್ನು ಕಾಪಾಡಬೇಕಾದ ವೈರಿಯೇ ಉಳಿಯಲಿಲ್ಲ. ಪಡೆ ಮಾತ್ರ ಉಳಿಯಿತು, ವರ್ಷಕ್ಕೆ ಸುಮಾರು 40 ಲಕ್ಷ ರೂಪಾಯಿಯ ಖರ್ಚಿನೊಂದಿಗೆ. ಶಾಂತಿಕಾಲದಲ್ಲಿ ಈ ಪಡೆಯನ್ನು ಸಾಕುವ ಹೊಣೆ ಒಪ್ಪಂದದ ಪ್ರಕಾರ ನಿಜಾಮನದಲ್ಲ ಎಂದು ಗವರ್ನರ್ ಜನರಲ್ ಡಾಲ್‌ಹೌಸಿಯೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೂ ಬಾಕಿ ವಸೂಲಿಗೆ ನಿಂತ. 1853ರ ಮೇ ತಿಂಗಳಲ್ಲಿ ಬೇರಾರ್, ಧಾರಾಶಿವ ಮತ್ತು ಇದೇ ಎಡೆದೊರೆಯಾದ ರಾಯಚೂರು ದೋಆಬಗಳು ಆ ಬಾಕಿಗಾಗಿ ಕಂಪನಿಯ ಆಡಳಿತಕ್ಕೆ ಹೋದವು.

ಇದರ ಅರ್ಥವನ್ನು ಲಿಂಗಸುಗೂರಿನ ಒಬ್ಬ ರೈತನ ಕಡೆಯಿಂದ ನೋಡಬೇಕು. ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆಯುವವನು ಅವನು. ಅವನ ಕಂದಾಯ ಹೈದರಾಬಾದಿನ ಖಜಾನೆಗೆ ಹೋಗುವ ಬದಲು ಅವನ ಊರಿನ ಪಕ್ಕದಲ್ಲೇ ಬೀಡುಬಿಟ್ಟ ಪಡೆಯ ಸಂಬಳಕ್ಕೆ ಹೋಯಿತು. ಆ ಪಡೆ ಯಾವ ಹೊರಗಿನ ವೈರಿಯಿಂದಲೂ ಅವನನ್ನು ಕಾಯುತ್ತಿರಲಿಲ್ಲ. 1858ರ ಫೆಬ್ರವರಿಯಲ್ಲಿ ಅದು ನಡೆದದ್ದು ಕೃಷ್ಣೆಯಾಚೆಯ ಸುರಪುರದ ಮೇಲೆ, ರಾಜಾ ವೆಂಕಟಪ್ಪ ನಾಯಕನ ಬೇಡರ ಪಡೆಯನ್ನು ಮುರಿಯಲು. ಅಂದರೆ ಈ ಸೀಮೆಯ ದುಡ್ಡಿನಿಂದ ಸಾಕಿದ ಸೈನ್ಯ ನೆರೆಯ ಸೀಮೆಯ ಜನರ ಮೇಲೆ ಹೋಯಿತು. 1860ರಲ್ಲಿ ಸಿಪಾಯಿ ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ ದೋಆಬ ನಿಜಾಮನಿಗೆ ವಾಪಸಾಯಿತು, ಸುರಪುರವನ್ನೂ ಅವನಿಗೇ ಕೊಟ್ಟರು. ಬೇರಾರ್ ಮಾತ್ರ ಹಿಂದಿರುಗಲಿಲ್ಲ. 1902ರಲ್ಲಿ ವರ್ಷಕ್ಕೆ 25 ಲಕ್ಷಕ್ಕೆ ಕಾಯಂ ಗುತ್ತಿಗೆಯಾಯಿತು. ಮರುವರ್ಷ ಕಂಟಿನ್ಜೆಂಟ್ ಬ್ರಿಟಿಷರ ಭಾರತೀಯ ಸೇನೆಯಲ್ಲಿ ಕರಗಿತು. ವೈರಿ ಇಲ್ಲದ ರಕ್ಷಣೆ ಎಂಬತ್ತೈದು ವರ್ಷ ನಡೆಯಿತು. ಬಲಾಢ್ಯನನ್ನು ಆ ನಾಡಿನ ದೊರೆಯೇ ಕರೆದಿದ್ದನಲ್ಲ, ಕರೆದ ಮೇಲೆ ಹೋದದ್ದು ತಪ್ಪೇ ಎಂಬ ಪ್ರಶ್ನೆಗೆ ಇದೇ ಉತ್ತರ. ಕರೆದವನು ದೊರೆ, ಕೊಟ್ಟವನು ರೈತ. ಬಂದವನಿಗೆ ಕೊಡುವವನನ್ನು ಕೇಳುವ ಅಗತ್ಯವೇ ಬೀಳಲಿಲ್ಲ.

ಇಷ್ಟು ಹೇಳಿದಾಗ ಈ ಸೀಮೆಯ ಓದುಗರೇ ಎತ್ತುವ ಬಲವಾದ ಆಕ್ಷೇಪ 1948ರದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ಬರದೆ ಇದ್ದಿದ್ದರೆ ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿ ನಿಲ್ಲುತ್ತಿತ್ತೇ? ನಿಲ್ಲುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಿಜಾಮ ಸರ್ಕಾರ ತಾನು ಪರದೇಶವೆಂದು ಹೇಳಿಕೊಂಡು ವಿಶ್ವಸಂಸ್ಥೆಗೂ ದೂರು ಕೊಟ್ಟಿತ್ತು. ಆದರೆ ಸಂಸ್ಥಾನದ ಒಳಗಿನ ಜನರೇ ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಕಟ್ಟಿ ವಿಲೀನಕ್ಕಾಗಿ ಹೋರಾಡುತ್ತಿದ್ದರು. ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು, ಸೇನಾ ಆಡಳಿತ 1949ರ ಕೊನೆಗೆ ತೆರವಾಯಿತು, 1952ರಲ್ಲಿ ಇಲ್ಲಿಯವರು ಓಟು ಹಾಕಿದರು, 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿತು. ಹೊರಡುವ ದಾರಿ ಇತ್ತು, ಅಧಿಕಾರ ಜನರ ಕೈಗೆ ಹೋಗುವ ದಾರಿಯೂ ಇತ್ತು. ಹಾಗಾಗಿ ಇದು ನನ್ನ ಅಳತೆಗೆ ಹೆಚ್ಚಿನ ಮಟ್ಟಿಗೆ ಒಪ್ಪುತ್ತದೆ. ಪೂರ್ತಿ ಒಪ್ಪುವುದಿಲ್ಲ ಎಂದೂ ಹೇಳಲೇಬೇಕು. ಕಾರ್ಯಾಚರಣೆಯ ಬೆನ್ನಿಗೆ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ನಡೆದ ಮುಸ್ಲಿಮರ ಕೊಲೆಗಳ ಬಗ್ಗೆ ಸುಂದರಲಾಲ್ ಸಮಿತಿ ವರದಿ ಕೊಟ್ಟಿತು; ಸತ್ತವರು 27,000ದಿಂದ 40,000 ಎಂದು ಅದರ ಅಂದಾಜು. ಆ ವರದಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಪಾಟಿನಲ್ಲಿತ್ತು. ನ್ಯಾಯವಾದ ಪ್ರವೇಶಕ್ಕೂ ಬಾಕಿ ಇರುತ್ತದೆ, ಅದನ್ನು ಬಚ್ಚಿಟ್ಟರೆ ತೀರುವುದಿಲ್ಲ.

ಇನ್ನು ಭಾರತವೇ ಬಲಾಢ್ಯ ರಾಷ್ಟ್ರವಾಗಿ ನೆರೆಯ ಜಗಳಕ್ಕೆ ಹೋದ ಎರಡು ಸಂದರ್ಭಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಶುರುವಾದ ಹತ್ಯಾಕಾಂಡದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಜಗಳ ಆಗಲೇ ನಮ್ಮ ಅಂಗಳಕ್ಕೆ ಬಂದಿತ್ತು, ಖರ್ಚನ್ನು ನಾವೇ ಹೊರುತ್ತಿದ್ದೆವು. ಪೂರ್ವ ಬಂಗಾಳದ ಜನ ಚುನಾವಣೆಯಲ್ಲಿ ತಮ್ಮ ನಾಯಕನನ್ನು ಆರಿಸಿಕೊಂಡಿದ್ದರು, ಅಧಿಕಾರ ಕೊಡಬೇಕಾದವರು ಅಲ್ಲೇ ಇದ್ದರು. ಡಿಸೆಂಬರ್ 3ಕ್ಕೆ ಯುದ್ಧ, 16ಕ್ಕೆ ಶರಣಾಗತಿ, ಮಾರ್ಚ್ 1972ರ ಹೊತ್ತಿಗೆ ಭಾರತದ ಸೈನ್ಯ ವಾಪಸು. ಹದಿನಾರು ವರ್ಷದ ಮೇಲೆ, 1987ರ ಜುಲೈನಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋಯಿತು. ಅದನ್ನೂ ಕೊಲಂಬೋ ಸರ್ಕಾರವೇ ಒಪ್ಪಂದ ಮಾಡಿ ಕರೆದಿತ್ತು, ಉದ್ದೇಶವೂ ಒಳ್ಳೆಯದೇ. ಆದರೆ ಯಾರನ್ನು ಕಾಯಬೇಕೆಂದು ಹೋಯಿತೋ ಅವರ ಪರ ಹೋರಾಡುತ್ತೇವೆ ಎಂದವರ ಜೊತೆಗೇ ಕಾದಬೇಕಾಯಿತು. ಕೊನೆಗೆ ಸಿಂಹಳೀಯರಿಗೂ ಬೇಡವಾಯಿತು, ತಮಿಳರಿಗೂ ಬೇಡವಾಯಿತು. ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಹಿಂದಿರುಗಿತು. ಸೈನ್ಯ ಅದೇ, ದೇಶ ಅದೇ. ಒಂದರಲ್ಲಿ ಹೊರಡುವ ಬಾಗಿಲು ಮೊದಲೇ ಕಾಣುತ್ತಿತ್ತು, ಇನ್ನೊಂದರಲ್ಲಿ ಒಳಗೆ ಹೋದ ಮೇಲೆ ಹುಡುಕಬೇಕಾಯಿತು. 2001ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದ ಅಮೆರಿಕ ಅದನ್ನು ಇಪ್ಪತ್ತು ವರ್ಷ ಹುಡುಕಿತು. ಹೊರಟ ತಿಂಗಳಲ್ಲೇ ತಾಲಿಬಾನ್ ಕಾಬೂಲಿಗೆ ಮರಳಿತು.

ಹಾಗಾದರೆ ಕೊಲೆ ನಡೆಯುತ್ತಿರುವಾಗ ಲೆಕ್ಕ ಹಾಕುತ್ತ ಕೂರಬೇಕೇ ಎಂದು ಕೇಳುವವರಿದ್ದಾರೆ. 1994ರಲ್ಲಿ ರುವಾಂಡಾದಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ಹೆಚ್ಚಿಸುವ ಬದಲು ಕೆಲವು ನೂರಕ್ಕೆ ಇಳಿಸಿದರು. ಇದು ಈ ವಿಷಯ ಬರೆಯುವವನ ನಿದ್ದೆಗೆಡಿಸಬೇಕಾದ ಆಕ್ಷೇಪ. ನನ್ನ ಉತ್ತರ ಇಷ್ಟು: ನಡೆಯುತ್ತಿರುವ ಸಾಮೂಹಿಕ ಕೊಲೆಯನ್ನು ತಡೆಯುವುದು ಒಂದು ಕೆಲಸ, ದೀರ್ಘಕಾಲದ ಜಗಳವನ್ನು ತನಗೆ ಬೇಕಾದಂತೆ ತೀರ್ಮಾನಿಸುವುದು ಇನ್ನೊಂದು. ಮೊದಲನೆಯದಕ್ಕೆ ಆದಿ ಅಂತ್ಯಗಳಿವೆ, ಬಾಗಿಲು ಇದೆ. ಅಂಥ ಕಡೆ ಹೋಗದಿರುವುದು ಪಾಪ. ಎರಡನೆಯದಕ್ಕೆ ಅಂತ್ಯವಿಲ್ಲ. ಮುಶಂಗಿಯಲ್ಲಿ, ಮುದಗಲ್ಲಿನ ಬಯಲಿನಲ್ಲಿ, ಛಾವಣಿಯಲ್ಲಿ ನಡೆದದ್ದು ಎರಡನೆಯದು. ಅವರೆಲ್ಲ ರಾಜರು, ಕಂಪನಿಗಳು, ಇಂದಿನ ಪ್ರಜಾಪ್ರಭುತ್ವಗಳಿಗೆ ಆ ಹೋಲಿಕೆ ಸಲ್ಲದು ಎನ್ನುವವರಿಗೂ ಒಂದು ಮಾತು ಹೇಳಬೇಕು. ಪ್ರಜಾಪ್ರಭುತ್ವದಲ್ಲಿ ಯುದ್ಧಕ್ಕೆ ಹೋಗುವ ಸರ್ಕಾರ ಓಟು ಕೇಳುವುದು ತನ್ನ ಜನರಲ್ಲಿ. ಯಾರ ನೆಲದಲ್ಲಿ ಯುದ್ಧವೋ ಅವರಿಗೆ ಆ ಓಟಿಲ್ಲ. ಆ ಮಟ್ಟಿಗೆ ಅವರ ಸ್ಥಿತಿ 1853ರ ದೋಆಬದ ರೈತನ ಸ್ಥಿತಿಯೇ.

ಮಸ್ಕಿಯ ಬಂಡೆಯ ಮಾತಿಗೆ ಈಗ ಬರಬಹುದು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ದೇವಾನಾಂಪ್ರಿಯ ಎಂದು ಕರೆದುಕೊಳ್ಳುವ ಅರಸ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಅದರಲ್ಲಿನ ಹೆಸರಿನಿಂದ. ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಮೇಲೇರಬಹುದು ಎಂಬುದು ಅದರ ಸಾರ. ಯುದ್ಧದ ಮಾತು ಅಲ್ಲಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಎಬ್ಬಿಸಿ ಒಯ್ದರು ಎಂಬ ಪಶ್ಚಾತ್ತಾಪದ ಮಾತು ಇರುವುದು ಹದಿಮೂರನೆಯ ಶಿಲಾಶಾಸನದಲ್ಲಿ. ಆ ಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ. ಗೆದ್ದ ನಾಡಿನ ಜನರ ಕಣ್ಣಿಗೆ ಬೀಳುವ ಕಡೆ ಅದನ್ನು ಕೆತ್ತಿಸಲಿಲ್ಲ. ಅದರ ಬದಲಿಗೆ ಅಲ್ಲಿ ಬೇರೆ ಎರಡು ಶಾಸನಗಳಿವೆ. ಅವೇ ಎರಡು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ, ಚಂದ್ರಲಾಂಬೆಯ ಆವರಣದ ಕಾಳಿ ಗುಡಿಯಲ್ಲಿ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಸಿಕ್ಕವು. ಅವುಗಳಲ್ಲೊಂದು ಗಡಿಯಾಚೆಯ, ಇನ್ನೂ ಗೆಲ್ಲದ ಜನರನ್ನು ಕುರಿತದ್ದು. ರಾಜನಿಗೆ ನಮ್ಮ ಬಗ್ಗೆ ಏನಿದೆಯೋ ಎಂದು ಅವರು ಅಂಜುತ್ತಿದ್ದಾರು, ನನ್ನಿಂದ ಅವರಿಗೆ ದುಃಖ ಬಾರದು ಎಂದು ತಿಳಿಸಿ ಎಂಬ ಅರ್ಥದ ಆಜ್ಞೆ. ಅಶೋಕ ಕಳಿಂಗವನ್ನು ಹಿಂದಿರುಗಿಸಲಿಲ್ಲ, ತನ್ನ ಬಲವನ್ನು ಮರೆಯಲೂ ಇಲ್ಲ. ಆದರೂ ಬಲಾಢ್ಯನಾದವನು ನೆರೆಯವನ ಭಯವನ್ನು ತನ್ನ ಹೊಣೆಯ ಲೆಕ್ಕಕ್ಕೆ ಸೇರಿಸಿಕೊಂಡದ್ದು ನಮ್ಮ ಕಡೆಯ ಕಲ್ಲಿನಲ್ಲಿ ಅದೇ ಮೊದಲು. ಚೋಳ ಚಾಲುಕ್ಯರು ಅದರ ಮೇಲೆ ನಡೆದುಹೋದರು. ಆ ಲಿಪಿ ಅವರ ಕಾಲಕ್ಕೆ ಓದುವವರಿಲ್ಲದೆ ಮೌನವಾಗಿತ್ತು.

ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಇರುವವರು 1971ರ ಯುದ್ಧ ಒಂದರ ಮಕ್ಕಳಲ್ಲ. 1947ರ ವಿಭಜನೆ, 1950ರ ಮತ್ತು 1964ರ ಗಲಭೆಗಳು, ಆಮೇಲೆ 1971, ಹೀಗೆ ಅಲೆ ಅಲೆಯಾಗಿ ಪೂರ್ವ ಬಂಗಾಳದಿಂದ ಹೊರಬಿದ್ದ ಹಿಂದೂ ಕುಟುಂಬಗಳು, ಜೊತೆಗೆ ಬರ್ಮಾದಿಂದ ಹೊರಟುಬಂದ ತಮಿಳು ಕುಟುಂಬಗಳು. ಒಂದು ಕೋಟಿಯಲ್ಲಿ ಬಹುಪಾಲು ಜನ ಢಾಕಾ ಸ್ವತಂತ್ರವಾದ ಕೆಲವೇ ತಿಂಗಳಲ್ಲಿ ಮನೆಗೆ ಮರಳಿದರು. ಇವರಿಗೆ ಮರಳಲು ಮನೆ ಉಳಿದಿರಲಿಲ್ಲ. ಹೊಳೆ, ಕೆರೆ, ಮೀನಿನ ನಾಡಿನವರು ಎರೆಮಣ್ಣಿನ ಬಯಲಿಗೆ ಬಂದರು, ಕಾಲುವೆಯ ನೀರಿನಲ್ಲಿ ಭತ್ತ ಬೆಳೆದರು. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ. ಹೆಂಗಸರು ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಸಣ್ಣ ಓಡುಹೊಲಿಗೆಯಲ್ಲಿ ಕಾಂಥಾ ಹಾಕುತ್ತಾರೆ. ನಮ್ಮ ಕಡೆಯ ಕೌದಿಯನ್ನು ಪಕ್ಕದಲ್ಲಿಟ್ಟರೆ ಒಂದೇ ಮನೆಯವು ಎನ್ನಬೇಕು: ಅದೇ ಉಟ್ಟು ಹಳತಾದ ಬಟ್ಟೆ, ಅದೇ ಸಾಲು ಸಾಲು ಟಾಕು. ಐದು ದಶಕವಾದರೂ ಊರಿನ ಹೆಸರು ಕ್ಯಾಂಪ್ ಎಂದೇ ಉಳಿಯಿತು, ಅದರ ಮುಂದೆ ಒಂದು, ಎರಡು, ಮೂರು ಎಂಬ ಅಂಕಿ. ಅವರಲ್ಲಿ ಅನೇಕರಿಗೆ ಪೌರತ್ವದ ಪತ್ರವಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಾಗದಪತ್ರಗಳಿಗೂ ಆ ಗಂಟು ಬಿದ್ದಿತ್ತು. 1971ರಲ್ಲಿ ಸೈನ್ಯಕ್ಕೆ ಹೊರಡುವ ಬಾಗಿಲು ಸಿಕ್ಕಿತು, ಇವರಿಗೆ ಒಳಗೆ ಬರುವ ಬಾಗಿಲು ಅರ್ಧ ತೆರೆದೇ ಇತ್ತು. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಂದವು. ಆ ವರ್ಷ ಸಿಂಧನೂರಿನ ಕ್ಯಾಂಪುಗಳ ಬೆರಳೆಣಿಕೆಯ ಜನರ ಕೈಗೆ ಪ್ರಮಾಣಪತ್ರ ಬಂತು. ಉಳಿದವರು ಅರ್ಜಿ ಹಿಡಿದು ಕಾದಿದ್ದರು.